ಮಗಳಿಗೆ ಓದಿ ಹೇಳಿದ ಮೂರೂವರೆ ವರ್ಷ

ಮಗಳನ್ನು ಶಾಲೆಯಿಂದ ಬಿಡಿಸಿದಾಗ ಅವಳಿಗೆ ಏಳು ವರ್ಷ. ಎರಡನೆಯ ತರಗತಿಯಲ್ಲಿದ್ದಳು. ಬೆಳಿಗ್ಗೆ ಎದ್ದು ಮುಖ ತೊಳೆದು, ಸಮವಸ್ತ್ರ ಹಾಕಿಕೊಂಡು, ಎರಡು ಜಡೆ ಹಾಕಿಸಿಕೊಳ್ಳುವವರೆಗೆ ಏನೂ ತೊಂದರೆ ಇರುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಶಾಲೆಯ ವ್ಯಾನಿನ ಹಾರ್ನ್ ಕೇಳಿದ ಕೂಡಲೇ ಬಚ್ಚಲಿಗೆ ಓಡಿ, ಕುಡಿದ ಹಾಲನ್ನೆಲ್ಲ ಕಾರಿಕೊಳ್ಳುತ್ತಿದ್ದಳು. ಮೊದಲು ಹಾಲು ಬಿಡಿಸಿದೆ. ಆಮೇಲೆ ಬರೀ ನೀರು ಕಾರಿಕೊಂಡಳು. ವಿದ್ಯಾನಗರದ ನಮ್ಮ ಮನೆಯ ಹತ್ತಿರದ ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ, "ಹೊಟ್ಟಿ ಛಲೋ ಐತ್ರಿ. ಕೂಸಿಗೆ ಯಾವುದಕ್ಕೋ ಹೆದರಿಕಿ ಐತಿ, ಅದನ್ನ ನೋಡ್ರಿ" ಎಂದರು.

ನೋಡಲು ಶಾಲೆಗೆ ಹೋದೆ. ತರಗತಿಯ ಕಿಟಕಿಯ ಹೊರಗೆ ನಿಂತಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಇಂಗ್ಲಿಷ್ ಪಾಠದ ಒಂದೊಂದು ಸಾಲು ಓದುತ್ತಿದ್ದರು. ಇವಳ ಸರದಿ ಬಂತು. ಎದ್ದು ನಿಂತಳು. ಪುಸ್ತಕ ಕೈಯಲ್ಲಿತ್ತು, ಬೆರಳು ಸಾಲಿನ ಮೇಲಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಟೀಚರು ಬಯ್ಯಲಿಲ್ಲ. ಮುಂದಿನ ಹುಡುಗಿಗೆ ಓದಲು ಹೇಳಿದರು. ಇವಳು ಗಂಟೆ ಬಾರಿಸುವ ತನಕ ನಿಂತೇ ಇದ್ದಳು, ಯಾಕೆಂದರೆ ಕುಳಿತುಕೋ ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ಟೀಚರನ್ನು ಕಂಡೆ. ಕೆಟ್ಟವರಲ್ಲ, ದಣಿದಿದ್ದರು. "ನಾ ಏನ್ ಮಾಡ್ಲಿರಿ? ಅಕ್ಷರ ಬರ್ತಾವು. ಓದು ಅಂದ್ರ ಸುಮ್ಮನ ನಿಂತು ಬಿಡ್ತಾಳ" ಎಂದರು.

ದೀಪಾವಳಿಯ ರಜೆ ಮುಗಿದ ಮೇಲೆ ನಾನು ಅವಳನ್ನು ಕಳಿಸಲಿಲ್ಲ.

ನನ್ನ ಗಂಡ ಹತ್ತಿ ವ್ಯಾಪಾರಿ. ಒಂಬತ್ತಕ್ಕೆ ಮಾರುಕಟ್ಟೆಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಸುಗ್ಗಿಯಲ್ಲಿ ಶಿರಗುಪ್ಪಿ ಕಡೆಯ ಹಳ್ಳಿಗಳನ್ನೂ ತಿರುಗುತ್ತಾರೆ. ಹೆಚ್ಚು ಮಾತಿನ ಮನುಷ್ಯರಲ್ಲ. ಊಟಕ್ಕೆ ಕುಳಿತಾಗ ಹೇಳಿದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಎಷ್ಟ ದಿನಾ?"

"ಆಕೀಗೆ ಓದೂ ಹೆದರಿಕಿ ಹೋಗೂತನಾ."

"ನಿನ್ನ ಕಡೆ ಆಗ್ತೈತಿ?"

"ಆಗ್ತೈತ್ರಿ."

ಅಷ್ಟೇ. ಅವರು ಬೇಡ ಎನ್ನಲಿಲ್ಲ. ಆಮೇಲೆ ಹೇಗೆ ನಡೆದಿದೆ ಎಂದೂ ಕೇಳಲಿಲ್ಲ.

ಆಗ್ತೈತ್ರಿ ಎಂದು ಅಷ್ಟು ಗಟ್ಟಿಯಾಗಿ ಹೇಳಲು ನನಗೆ ಒಂದು ಆಧಾರವಿತ್ತು. ಮದುವೆಗೆ ಮೊದಲು ಎರಡು ವರ್ಷ ಧಾರವಾಡದ ಒಂದು ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೆ. ಮಕ್ಕಳ ವಿಭಾಗ ನನ್ನದು. ಶಾಲೆಯ ಪುಸ್ತಕ ಕಂಡರೆ ಮುಖ ತಿರುಗಿಸುವ ಮಕ್ಕಳು ಅಲ್ಲಿ ನೆಲದ ಮೇಲೆ ಕುಳಿತು, ಬಾಗಿಲು ಹಾಕುವ ಹೊತ್ತಾದರೂ ಏಳದೆ ಓದುತ್ತಿದ್ದುದನ್ನು ಕಂಡಿದ್ದೆ. ಹಾಗಾಗಿ ನಾನು ಪಠ್ಯಪುಸ್ತಕಗಳನ್ನು ಕಪಾಟಿನ ಮೇಲಿಟ್ಟೆ. ಕನ್ನಡದ ಕಥೆಗಳಿಂದಲೇ ಎಲ್ಲವನ್ನೂ ಕಲಿಸುವುದೆಂದು ನಿರ್ಧರಿಸಿದೆ. ಬೆಳಿಗ್ಗೆ ನಾನು ಒಂದು ಅಧ್ಯಾಯ ಓದುವುದು. ಅವಳು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಅವಳು ಹೇಳಿದ್ದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಕಥೆಯಲ್ಲಿ ನದಿ ಬಂದರೆ ನಕ್ಷೆಯಲ್ಲಿ ಬೆರಳಿಟ್ಟು ಅದು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ನೋಡುವುದು. ಹಡಗು ಬಂದರೆ ಬಕೆಟ್ಟಿನಲ್ಲಿ ಉಪ್ಪುನೀರು ತುಂಬಿ, ಯಾವುದು ತೇಲುತ್ತದೆ ಯಾವುದು ಮುಳುಗುತ್ತದೆ ಎಂದು ಪರೀಕ್ಷೆ ಮಾಡುವುದು. ಸಂತೆ ಬಂದರೆ ಕೂಡುವ ಕಳೆಯುವ ಲೆಕ್ಕ.

ಮೊದಲ ಕೆಲವು ತಿಂಗಳು ಹಬ್ಬದಂತಿದ್ದವು. ಕಾರಿಕೊಳ್ಳುವುದು ವಾರದಲ್ಲೇ ನಿಂತಿತು. ನಾಲ್ಕು ಮಾತಾಡದ ಹುಡುಗಿ ಕಥೆ ತಿರುಗಿ ಹೇಳಲು ಕುಳಿತರೆ ಎದ್ದು ಓಡಾಡುತ್ತ, ಮುದುಕಿಯ ದನಿ, ನರಿಯ ದನಿ, ಎಲ್ಲ ದನಿ ತೆಗೆದು ಹೇಳುತ್ತಿದ್ದಳು. ಕಥೆಯಲ್ಲಿಲ್ಲದ ಆಡೊಂದು ಅವಳು ಹೇಳುವ ಎಲ್ಲ ಕಥೆಗಳಲ್ಲೂ ಬರುತ್ತಿತ್ತು. "ಈ ಆಡು ಪುಸ್ತಕದಾಗ ಎಲ್ಲೈತಿ?" ಎಂದು ಕೇಳಿದರೆ, "ಇರ್ತೈತಿ, ಬರದಿಲ್ಲ ಅಷ್ಟ" ಎನ್ನುತ್ತಿದ್ದಳು.

ಆದರೆ, ಕನ್ನಡದ ಅಕ್ಷರಗಳೆಲ್ಲ ಬರುತ್ತಿದ್ದರೂ, ಅವಳು ಓದುತ್ತಿರಲಿಲ್ಲ. ಒಂದು ಸಾಲನ್ನೂ ಓದುತ್ತಿರಲಿಲ್ಲ. ಪುಸ್ತಕ ಅವಳ ಕೈಗೆ ಕೊಟ್ಟರೆ ಮೆಲ್ಲನೆ ನನ್ನ ತೊಡೆಯ ಮೇಲೆ ತಿರುಗಿ ಇಟ್ಟುಬಿಡುತ್ತಿದ್ದಳು. "ನೀ ಓದವಾ. ನೀ ಛಲೋ ಓದ್ತಿ." ನಾನು ಒತ್ತಾಯ ಮಾಡಲಿಲ್ಲ. ಇವತ್ತಲ್ಲ ನಾಳೆ ಎಂದುಕೊಂಡು ಓದುತ್ತ ಹೋದೆ.

ನನಗೆ ಒಂಟಿತನ ಶುರುವಾದದ್ದು ಎಂದಿನಿಂದ ಎಂದು ಹೇಳಲಾರೆ. ವ್ಯಾನುಗಳು ಹೋದ ಮೇಲೆ ನಮ್ಮ ಓಣಿ ಒಮ್ಮೆಲೇ ಬರಿದಾಗುತ್ತದೆ. ಕಾಯಿಪಲ್ಲೆಯ ಗಾಡಿಯೊಂದು ಬಂದು ಹೋದರೆ ಮುಗಿಯಿತು. ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಓದುವ ದನಿ ಬಿಟ್ಟರೆ ಆ ಓಣಿಯಲ್ಲಿ ಬೇರೆ ದನಿಯೇ ಇರುತ್ತಿರಲಿಲ್ಲ. ನಾಲ್ಕು ಗಂಟೆಗೆ ಓಣಿಯ ತಾಯಂದಿರೆಲ್ಲ ವ್ಯಾನಿಗಾಗಿ ತುದಿಯ ಬೇವಿನ ಗಿಡದ ಕೆಳಗೆ ನಿಲ್ಲುತ್ತಾರೆ. ಮೊದಲು ನಾನೂ ನಿಲ್ಲುತ್ತಿದ್ದೆ. ಅಲ್ಲಿಯ ಮಾತು ದೊಡ್ಡದೇನಲ್ಲ. ಯಾರ ಮನೆಯಲ್ಲಿ ನೀರು ಬಂದಿಲ್ಲ, ಯಾರ ಮಗುವಿಗೆ ಕೆಮ್ಮು, ನಾಳೆ ಡಬ್ಬಿಗೆ ಏನು ಕಟ್ಟುವುದು. ಅದೇ ಹತ್ತು ನಿಮಿಷ ನನ್ನ ದಿನದ ಮಂದಿಯ ಒಡನಾಟವಾಗಿತ್ತು ಎಂಬುದು, ಅಲ್ಲಿ ನಿಲ್ಲಲು ಕಾರಣವಿಲ್ಲದಂತಾದ ಮೇಲೆ ತಿಳಿಯಿತು. ಒಂದು ಸಲ ಕೊತ್ತಂಬರಿ ತರುವ ನೆಪ ಮಾಡಿ ಹೋಗಿ ನಿಂತೆ.

"ಸಾಲಿ ಬಿಡಸೀರಂತ, ಖರೇ ಏನ್ರಿ?" ಎದುರು ಮನೆಯಾಕೆ ಕೇಳಿದರು.

"ಹೌದ್ರಿ. ಮನ್ಯಾಗ ಕಲಸಾಕತ್ತೇನಿ."

"ಏನ್ ಕಲಸ್ತೀರಿ?"

"ಕಥಿ ಓದ್ತೇವ್ರಿ."

ಅವರು ನನ್ನ ಹತ್ತಿರ ಸರಿದರು. "ಮೈಯಾಗ ಏನರ ತ್ರಾಸ ಐತೇನ್ರಿ ಹುಡುಗೀಗೆ?" ಎಂದು ದನಿ ತಗ್ಗಿಸಿ, ಖರೆ ಕಾಳಜಿಯಿಂದಲೇ ಕೇಳಿದರು. ಅಷ್ಟರಲ್ಲಿ ವ್ಯಾನು ಬಂತು. ಎಲ್ಲರೂ ತಮ್ಮ ತಮ್ಮ ಮಕ್ಕಳ ಚೀಲ ಹಿಡಿದುಕೊಂಡು ಹೋದರು. ಅವರ ಮಗಳು ಮೊದಲು ಸಂಜೆ ನಮ್ಮ ಮನೆಗೆ ಆಡಲು ಬರುತ್ತಿದ್ದವಳು ನಿಧಾನವಾಗಿ ಬರುವುದನ್ನು ಬಿಟ್ಟಳು. ಹೋಂವರ್ಕ್ ಬಹಳ ಇರುತ್ತದೆ ಎಂದರು. ಇದ್ದಿರಬಹುದು.

ಮೊಬೈಲಿನಲ್ಲಿ ನನ್ನಂತೆಯೇ ಮನೆಯಲ್ಲಿ ಕಲಿಸುವ ತಾಯಂದಿರ ಒಂದು ಗುಂಪು ಸಿಕ್ಕಿತು. ಸೇರಿದೆ. ದೊಡ್ಡ ದೊಡ್ಡ ಊರುಗಳವರು. ಎಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕಪಾಟು ತುಂಬ ಪುಸ್ತಕ, ಮಕ್ಕಳು ಚಿತ್ರ ಬಿಡಿಸುವ ಫೋಟೋ ಹಾಕುತ್ತಿದ್ದರು. ನಾನು ಒಂದು ದಿನ ಧೈರ್ಯ ಮಾಡಿ ಕನ್ನಡದಲ್ಲಿ ನಾಲ್ಕು ಸಾಲು ಬರೆದೆ. ಮಗಳಿಗೆ ಒಂಬತ್ತು ವರ್ಷ, ಕಥೆ ಚೆನ್ನಾಗಿ ಹೇಳುತ್ತಾಳೆ, ಇನ್ನೂ ಓದುತ್ತಿಲ್ಲ, ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು. ಯಾರೋ ಒಬ್ಬರು ಕೈ ಮುಗಿಯುವ ಚಿತ್ರ ಕಳಿಸಿದರು. ಅದರ ಕೆಳಗೆ ಬೇರೆಯವರ ಫೋಟೋಗಳು ಬಂದು ನನ್ನ ಸಾಲುಗಳು ಮೇಲೆ ಸರಿದುಹೋದವು. ನಾನು ಮತ್ತೆ ಅಲ್ಲಿ ಬರೆಯಲಿಲ್ಲ.

ಆ ವರ್ಷ ನಾವು ನೇಕಾರನೊಬ್ಬನ ಕಥೆ ಓದುತ್ತಿದ್ದೆವು. ನೂಲು ಹೇಗೆ ಆಗುತ್ತದೆ ಎಂದು ಮಗಳು ಕೇಳಿದಳು. ನನ್ನ ಅತ್ತೆ ಗರಗದಲ್ಲಿ ದೊಡ್ಡ ಮಗನ ಮನೆಯಲ್ಲಿರುತ್ತಾರೆ. ಹರೆಯದಿಂದ ಖಾದಿ ಕೇಂದ್ರಕ್ಕೆ ನೂಲು ತೆಗೆದವರು. ಅಲ್ಲಿಗೆ ಹೋದೆವು. ಅತ್ತೆ ಚರಕ ಹಾಕಿಕೊಂಡು ಕುಳಿತು, ಹತ್ತಿಯ ಹಂಜಿಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಎಳೆ ಕೂದಲಿನಂತೆ ಸಣ್ಣಗೆ ಬಂತು. ಮಗಳು ಎಳೆದರೆ ಹರಿಯಿತು. ಹತ್ತು ಸಲ ಹರಿಯಿತು. ಅತ್ತೆ ಪ್ರತಿ ಸಲ ಗಂಟು ಹಾಕಿ ಕೊಟ್ಟರು. ಮಗಳು ಅಂಗಳಕ್ಕೆ ಆಡಲು ಓಡಿದ ಮೇಲೆ, ಚರಕ ನಿಲ್ಲಿಸದೆಯೇ ನನಗೆ ಹೇಳಿದರು.

"ನಾ ಸಾಲೀ ಕಟ್ಟಿ ಹತ್ತಿದಾಕಿ ಅಲ್ಲ. ಬಸ್ಸಿನ ಬೋರ್ಡ್ ಓದಾಕ ಮಂದೀನ್ನ ಕೇಳಬೇಕು. ಸಾಲಿ ಇಲ್ಲದಿದ್ರ ಏನ್ ಹೋಗ್ತೈತಿ ಅನ್ನೂದು ನನಗ ಗೊತ್ತೈತಿ. ನೀ ಕಲ್ತಾಕಿ, ನಿನಗ ಗೊತ್ತಾಗೂದಿಲ್ಲ."

"ಆಕೀಗೆ ಓದು ನಾ ಕಲಸ್ತೇನ್ರಿ ಅತ್ತಿ."

"ಓದು ನೀ ಕಲಸ್ತೀ ಬಿಡು. ಗೆಳತ್ಯಾರನ್ನ ಎಲ್ಲಿಂದ ತರ್ತೀ?"

ನನಗೆ ಸಿಟ್ಟು ಬಂದಿತ್ತು. ಎದ್ದು ಬಾಗಿಲಿಗೆ ಬಂದೆ. ಅಂಗಳದಲ್ಲಿ ಓರಗೆಯ ನಾಲ್ಕೈದು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ನನ್ನ ಮಗಳು ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಅವರು ಕರೆದರು. ಹೋಗಲಿಲ್ಲ. ಆದರೆ ಒಳಗೂ ಬರಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ನಿಂತಿದ್ದಳು. ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಮುಂದಿನ ಅಧ್ಯಾಯ ಓದಲೇ ಎಂದು ಕೇಳಿದೆ. ಬೇಡ ಎಂದಳು. ಅವಳು ಬೇಡ ಎಂದದ್ದು ಅದೇ ಮೊದಲು. ಬಸ್ಸು ಕುಲುಕುತ್ತದೆ, ಅದಕ್ಕೆ ಇರಬೇಕು ಎಂದುಕೊಂಡೆ.

ಹೀಗೆ ಮೂರು ವರ್ಷ ಕಳೆದವು. ಗ್ರಂಥಾಲಯದಿಂದ ವಾರಕ್ಕೊಮ್ಮೆ ಪುಸ್ತಕ ತಂದೆ. ಎಷ್ಟು ಪುಸ್ತಕ ಓದಿದೆವೋ ಲೆಕ್ಕವಿಟ್ಟಿಲ್ಲ. ಅವಳು ಹೇಳಿದ ಕಥೆಗಳ ಆರು ನೋಟ್‌ಬುಕ್ಕುಗಳು ತುಂಬಿದವು. ಎಲ್ಲವೂ ನನ್ನ ಅಕ್ಷರದಲ್ಲಿ. ದಿನಕ್ಕೆ ಮೂರು ತಾಸು, ಒಮ್ಮೊಮ್ಮೆ ನಾಲ್ಕು ತಾಸು ಗಟ್ಟಿಯಾಗಿ ಓದುತ್ತಿದ್ದೆ. ಖರೆ ಹೇಳಬೇಕೆಂದರೆ, ಓದುವುದನ್ನು ನಿಲ್ಲಿಸಿದರೆ ಮನೆ ಎಷ್ಟು ಸುಮ್ಮನಾಗುತ್ತದೆ ಎಂಬ ಅಂಜಿಕೆಗೂ ಓದುತ್ತಿದ್ದೆ.

ನಾಲ್ಕನೆಯ ವರ್ಷದ ಶಿವರಾತ್ರಿಯ ಹೊತ್ತಿಗೆ ನನ್ನ ದನಿ ಒಡೆಯಿತು. ಮೊದಲು ಸಂಜೆಯಷ್ಟೇ ಗೊಗ್ಗರಾಗುತ್ತಿತ್ತು. ಆಮೇಲೆ ಬೆಳಿಗ್ಗೆಯೂ. ಒಂದು ದಿನ ಓದುತ್ತಿದ್ದಂತೆಯೇ ದನಿ ಪೂರ್ತಿ ಬಿದ್ದುಹೋಯಿತು. ಬಾಯಿ ಆಡುತ್ತಿದೆ, ಗಾಳಿ ಮಾತ್ರ ಬರುತ್ತಿದೆ. ಗಂಡ ಕಿವಿ-ಮೂಗು-ಗಂಟಲಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಗಂಟಲಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು.

"ಸಣ್ಣ ಗಂಟು ಆಗ್ಯಾವ್ರಿ. ಬಾಳ ಮಾತಾಡೋರಿಗೆ ಆಗ್ತಾವು. ಮೂರು ವಾರ ಮಾತು ಪೂರಾ ಬಂದ್. ಪಿಸುಮಾತೂ ಬ್ಯಾಡ. ಏನ್ ಕೆಲಸ ಮಾಡ್ತೀರಿ? ಟೀಚರ್ ಏನು?"

ನಾನು ಬಾಯಿ ತೆರೆದೆ. ಡಾಕ್ಟರು ಕೈ ಅಡ್ಡ ಹಿಡಿದರು. ಪಕ್ಕದಲ್ಲಿದ್ದ ಗಂಡ ಉತ್ತರ ಕೊಟ್ಟರು. "ಇಲ್ರಿ. ಮನ್ಯಾಗ ಇರ್ತಾಳ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮೂರು ವರ್ಷಗಳಲ್ಲಿ ನಾನು ಏನು ಮಾಡುತ್ತಿದ್ದೇನೆ ಎಂದು ಅವರಿಗೆ ನಾನೂ ಕೂರಿಸಿಕೊಂಡು ಹೇಳಿರಲಿಲ್ಲ. ಆದರೂ ರಿಕ್ಷಾದಲ್ಲಿ ಮನೆಗೆ ಬರುವಾಗ ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ. ಗಂಟಲು ನೋಯುತ್ತಿದೆಯೇನೋ ಎಂದು ಅವರು ಬಗ್ಗಿ ನನ್ನ ಮುಖ ನೋಡಿದರು. ಹೌದೆಂದು ತಲೆ ಆಡಿಸಿದೆ.

ಮಾತು ಬಂದ್ ಆದ ಮೇಲೆ ಮಗಳ ಹಳೆಯ ಪಾಟಿಯನ್ನು ಹುಡುಕಿ ತೆಗೆದೆ. ಅವಳಿಗೆ ಹೇಳಬೇಕಾದ್ದನ್ನು ಬಳಪದಿಂದ ಪಾಟಿಯ ಮೇಲೆ ಬರೆದು ತೋರಿಸತೊಡಗಿದೆ. ಕಲಿಸುವ ಉದ್ದೇಶದಿಂದಲ್ಲ, ಬೇರೆ ದಾರಿಯಿರಲಿಲ್ಲ. ಬರೆಯುವಾಗ ಪುಸ್ತಕದ ಭಾಷೆ ನೆನಪಿಗೆ ಬರಲಿಲ್ಲ. ಬಾಯಲ್ಲಿ ಬರುತ್ತಿದ್ದುದನ್ನೇ ಬರೆದೆ. "ಗ್ಯಾಸ್ ಸಣ್ಣ ಮಾಡು." ಅವಳು ಪಾಟಿ ನೋಡಿದಳು, ನನ್ನ ಮುಖ ನೋಡಿದಳು. ಒಲೆಯ ಮೇಲೆ ಹಾಲು ಏರುತ್ತಿತ್ತು. ತುಟಿ ಆಡಿಸಿದಳು. ಹೋಗಿ ಗ್ಯಾಸ್ ಸಣ್ಣ ಮಾಡಿದಳು.

ಮತ್ತೆ ಬರೆದೆ. "ಹೊರಗ ಅರಬಿ ಒಣಗ್ಯಾವು, ತಗೊಂಡ ಬಾ." ಇದಕ್ಕೆ ಹೊತ್ತು ಹಿಡಿಯಿತು. ಬೆರಳಿಟ್ಟು, ಒಂದೊಂದು ಅಕ್ಷರ ಕೂಡಿಸಿ, ಕೊನೆಗೆ ತಲೆ ಎತ್ತಿ ಹೇಳಿದಳು. "ಅವ್ವಾ, ಇದು ನಮ್ಮ ಮಾತೈತಿ."

ನಾನು ಪಾಟಿ ಹಿಡಿದುಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಇಷ್ಟು ವರ್ಷ ಅವಳಿಗೆ ಕೊಟ್ಟ ಪುಸ್ತಕಗಳಲ್ಲೆಲ್ಲ ಜನ ಹೋಗುತ್ತಿದ್ದರು, ಬರುತ್ತಿದ್ದರು, ತಿನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹೊಕ್ಕೇವಿ, ಬರ್ತೇವಿ, ತಿಂತೇವಿ. ನಾನು ಓದಿದಾಗ ಅವಳಿಗೆ ಎರಡೂ ತಿಳಿಯುತ್ತಿತ್ತು. ಅಕ್ಷರದ ಮೇಲೆ ಬೆರಳಿಟ್ಟು ಹೊರಟಾಗ ಮಾತ್ರ ಕೊನೆಗೆ ಬರುವ ಶಬ್ದ ಅವಳ ಬಾಯಿಗೆ ಪರಕೀಯವಾಗಿ, ಓದಿದ್ದು ತಪ್ಪಾಯಿತೇನೋ ಎಂದು ಹಿಂಜರಿಯುತ್ತಿದ್ದಳೇನೋ. ಅದೇ ಕಾರಣವೋ, ಅವಳ ಕಾಲವೇ ಕೂಡಿ ಬಂದಿತ್ತೋ, ಇವತ್ತಿಗೂ ಖಾತ್ರಿಯಾಗಿ ಹೇಳಲಾರೆ. ಅವತ್ತಿನಿಂದ ಅವಳು ಪಾಟಿ ಓದಿದಳು. ಎರಡನೆಯ ವಾರದಲ್ಲಿ ತಾನೂ ಬರೆಯಲು ಶುರು ಮಾಡಿದಳು. ಅವಳಿಗೇನು, ಬಾಯಿ ಇತ್ತು. ಆದರೂ ನಾನು ಬರೆದರೆ ಕೆಳಗೆ ಬರೆದೇ ಉತ್ತರ ಕೊಡುತ್ತಿದ್ದಳು. ಒತ್ತಕ್ಷರವೆಲ್ಲ ತಪ್ಪು. "ಹಸವಿ ಆಗೇತಿ." "ನಿನ್ನಿ ಕಥಿ ಮುಗದಿಲ." ಮನೆಯಲ್ಲಿ ಬಳಪದ ಕಿರುಗುಟ್ಟುವ ಸದ್ದಷ್ಟೇ ಇರುತ್ತಿತ್ತು.

ಮೂರನೆಯ ವಾರ, ಒಂದು ಮಧ್ಯಾಹ್ನ, ಅವಳು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಹೊರಗೆ ನೋಡುತ್ತಿದ್ದಳು. ಪರೀಕ್ಷೆಯ ದಿನಗಳು. ಮಕ್ಕಳು ಅರ್ಧ ದಿನಕ್ಕೇ ವ್ಯಾನಿನಿಂದ ಇಳಿದು, ಪ್ರಶ್ನೆಪತ್ರಿಕೆ ಹಿಡಿದುಕೊಂಡು, ನಿನ್ನದು ಏನು ಬಂತು ನನ್ನದು ಏನು ಬಂತು ಎಂದು ಗದ್ದಲ ಮಾಡುತ್ತ ಹೋಗುತ್ತಿದ್ದರು. ಅವಳು ಕುತ್ತಿಗೆ ಉದ್ದ ಮಾಡಿ, ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಮೂರೂವರೆ ವರ್ಷ ನನ್ನ ಬಾಯಿಂದ ಬರದ ಒಂದು ಮಾತನ್ನು ನಾನು ಪಾಟಿಯ ಮೇಲೆ ಬರೆದೆ. ದನಿ ಇದ್ದಿದ್ದರೆ ಕೇಳುತ್ತಿರಲಿಲ್ಲವೇನೋ.

"ಸಾಲೀಗೆ ಹೊಕ್ಕೀ ಏನು?"

ಅವಳು ಓದಿದಳು. ನನ್ನ ಕೈಯಿಂದ ಬಳಪ ತೆಗೆದುಕೊಂಡು ಕೆಳಗೆ ಬರೆದಳು.

"ಹೊಕ್ಕೇನಿ. ಆದರ ನೀ ಒಬ್ಬಾಕಿನ ಆಗತಿ."

ನಾನು ಬರೆದು ಕೇಳಿದೆ, ಯಾವಾಗಿನಿಂದ ಹೋಗಬೇಕೆನಿಸಿತು ಎಂದು. ಇದಕ್ಕೆ ಅವಳು ಬರೆಯಲಿಲ್ಲ. ಬಾಯಿಂದಲೇ, ಮುಖ ಕಿಟಕಿಯ ಕಡೆ ತಿರುಗಿಸಿ ಹೇಳಿದಳು. "ಬಾಳ ದಿನಾ ಆತು. ಗರಗಕ್ಕ ಹೋಗಿದ್ವಲಾ, ಆವಾಗಿಂದ. ಪಪ್ಪಾ ಮನ್ಯಾಗ ಇರೂದಿಲ್ಲ. ನಿನಗ ಮಾತಾಡಾಕ ಯಾರೂ ಇಲ್ಲ. ಅದಕ್ಕ ಹೇಳಲಿಲ್ಲ."

ನಾನು ಅವಳಿಗೆ ಜೊತೆಯಾಗಿದ್ದೇನೆ ಎಂದುಕೊಂಡಿದ್ದೆ. ಹತ್ತೂವರೆ ವರ್ಷದ ಹುಡುಗಿ ಒಂದೂವರೆ ವರ್ಷದಿಂದ ನನಗೆ ಜೊತೆಗಾಗಿ ಮನೆಯಲ್ಲಿ ಉಳಿದಿದ್ದಳು. ಡಾಕ್ಟರ ಮಾತು ಮುರಿದು ಏನಾದರೂ ಹೇಳಬೇಕೆನಿಸಿತು. ಅವಳ ತಲೆಯನ್ನು ನನ್ನ ಕಡೆ ಒತ್ತಿಕೊಂಡೆ. ಅವಳು ಉಸಿರು ಕಟ್ಟಿತೆಂದು ಬಿಡಿಸಿಕೊಂಡಳು.

ಜೂನಿನಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಕನ್ನಡ ಶಾಲೆಯಲ್ಲಿ ಆರನೆಯ ತರಗತಿಗೆ ಕೇಳಲು ಹೋದೆವು. ಬಿತ್ತನೆಯ ಕಾಲವಾದ್ದರಿಂದ ಗಂಡ ರೈತರಿಗೆ ಮುಂಗಡ ಕೊಡಲು ಹಳ್ಳಿಗಳ ಕಡೆ ಹೋಗಿದ್ದರು. ನಾವಿಬ್ಬರೇ. ಮುಖ್ಯೋಪಾಧ್ಯಾಯರು ವಯಸ್ಸಾದವರು. ಒಂದು ಪುಸ್ತಕ ತೆರೆದು ಓದು ಎಂದರು. ಅವಳು ಎದ್ದು ನಿಂತಳು. ಬೆರಳಿಟ್ಟು, ನಿಧಾನವಾಗಿ, ಎರಡು ಕಡೆ ತಡೆದು, ಐದು ಸಾಲು ಓದಿದಳು. ಏನು ತಿಳಿಯಿತು ಹೇಳು ಎಂದರು. ಅದಕ್ಕೆ ಅವಳು ಕೊಟ್ಟ ಉತ್ತರ ಆ ಐದು ಸಾಲಿಗಿಂತ ಬಹಳ ಉದ್ದವಾಗಿತ್ತು. ಅವರು ಕನ್ನಡಕ ತೆಗೆದು ಕೇಳಿದರು. ಕೊನೆಗೆ ನನ್ನ ಕಡೆ ತಿರುಗಿ, "ಓದೂದು ಸ್ವಲ್ಪ ಹಿಂದ ಐತ್ರಿ. ಹೇಳೂದು ಬಾಳ ಮುಂದ ಐತಿ. ಇರ್ಲಿ ಬಿಡ್ರಿ, ಎರಡೂ ನಡಕ್ಕ ಬರ್ತಾವು" ಎಂದು ಅರ್ಜಿಯ ಹಾಳೆ ಕೊಟ್ಟರು. ಹಿಂದಿನ ವರ್ಷದ ಶಾಲೆ ಎಂಬಲ್ಲಿ ಏನು ಬರೆಯಬೇಕೆಂದು ಕೇಳಿದೆ. ಖಾಲಿ ಬಿಡಿ ಎಂದರು.

ಮೊದಲ ದಿನ ಅವಳು ಕಾರಿಕೊಳ್ಳಬಹುದೆಂದು ಚೀಲದಲ್ಲಿ ಒಂದು ಟವೆಲ್ ಇಟ್ಟಿದ್ದೆ. ಗೇಟಿನ ತನಕ ಕೈ ಹಿಡಿದುಕೊಂಡು ಬಂದಳು. ಗೇಟಿನಲ್ಲಿ ಕೈ ಬಿಡಿಸಿಕೊಂಡು, ತಿರುಗಿ ನೋಡದೆ ಒಳಗೆ ಹೋದಳು. ಮನೆಗೆ ಬಂದೆ. ಹತ್ತು ಗಂಟೆ. ಓದಲು ಕುಳಿತುಕೊಳ್ಳುವ ಹೊತ್ತು. ಚಾಪೆ ಹಾಸಿಯೇ ಇತ್ತು. ಅದರ ಮೇಲೆ ಕುಳಿತು ಏನು ಮಾಡುವುದೆಂದು ತಿಳಿಯದೆ, ಹನ್ನೊಂದರ ಸುಮಾರಿಗೆ ಮಲಗಿಬಿಟ್ಟೆ. ಹಾಗೆ ಬಹಳ ದಿನ ಮಲಗಿದೆ. ಗ್ರಂಥಾಲಯದ ಪುಸ್ತಕಗಳನ್ನು ತಿರುಗಿ ಕೊಡಲು ಹೋದಾಗ, ಮಕ್ಕಳ ಕಪಾಟಿನ ಎದುರು ಅಭ್ಯಾಸದಿಂದ ನಿಂತುಬಿಟ್ಟೆ. ಆಮೇಲೆ ದೊಡ್ಡವರ ಕಪಾಟಿನಿಂದ ಒಂದು ತೆಗೆದುಕೊಂಡು ಬಂದೆ. ನನ್ನೊಳಗೇ ಓದಿಕೊಳ್ಳುವುದು ಮೊದಲು ಕಷ್ಟವಾಯಿತು. ಪುಟ ತಿರುವಿದ ಮೇಲೆ ಏನು ಓದಿದೆ ಎಂದು ಯಾರಿಗೂ ಹೇಳುವ ಹಾಗಿರಲಿಲ್ಲ.

ಸಂಜೆ ಅವಳನ್ನು ಕೇಳುತ್ತಿದ್ದೆ. "ಇವತ್ತ ಏನ್ ಕಲಸಿದ್ರು?"

"ಏನೂ ಇಲ್ಲ."

"ಏನೂ ಅಂದ್ರ?"

"ಏನೂ ಇಲ್ಲವಾ."

ನರಿ, ಮುದುಕಿ, ಪುಸ್ತಕದಲ್ಲಿಲ್ಲದ ಆಡು ಎಲ್ಲವನ್ನೂ ಹೇಳುತ್ತಿದ್ದ ಹುಡುಗಿ. ಎಲ್ಲ ಮಕ್ಕಳೂ ಹೀಗೆಯೇ ಎನ್ನುತ್ತಾರೆಂದು ಎದುರು ಮನೆಯಾಕೆ ಹೇಳಿದರು. ನಾನು ಮತ್ತೆ ಅವರೊಡನೆ ಮಾತಾಡತೊಡಗಿದ್ದೆ. ಮಾತು ಮೊದಲಿನಂತೆ ಸಲೀಸಾಗಲಿಲ್ಲ.

ಈಗ ಅವಳು ಏಳನೆಯ ತರಗತಿಯಲ್ಲಿದ್ದಾಳೆ. ಓದು ಮಧ್ಯಮ. ಒತ್ತಕ್ಷರ ಇನ್ನೂ ತಪ್ಪುತ್ತಾಳೆ. ಕಳೆದ ಶನಿವಾರ ಮೊದಲ ಸಲ ಗೆಳತಿಯೊಬ್ಬಳನ್ನು ಮನೆಗೆ ಕರೆದುಕೊಂಡು ಬಂದಳು. ಬೆಳ್ಳಿಯ ಮೂಗುಬೊಟ್ಟಿನ, ಕಿಲಕಿಲ ನಗುವ ಹುಡುಗಿ. ಇಬ್ಬರೂ ಒಳಕೋಣೆಯಲ್ಲಿ ಕುಳಿತರು. ನಾನು ಅಡುಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಮಗಳು ಅವಳಿಗೆ ಏನೋ ದೊಡ್ಡ ಕಥೆ ಹೇಳುತ್ತಿದ್ದಳು. ದನಿ ಏರುತ್ತಿತ್ತು, ಇಳಿಯುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಆ ಹುಡುಗಿ ನಕ್ಕು ನಕ್ಕು ಗೋಡೆಗೆ ಕೈ ಬಡಿಯುತ್ತಿದ್ದಳು. ಎರಡು ತಾಟಿನಲ್ಲಿ ಅವಲಕ್ಕಿ ಹಾಕಿಕೊಂಡು ಒಳಗೆ ಹೋದೆ. ಇಬ್ಬರೂ ಒಮ್ಮೆಲೇ ಸುಮ್ಮನಾದರು.

"ಏನ್ ಕಥಿ ಅದು?" ಎಂದೆ.

"ಏನಿಲ್ಲವಾ, ಸಾಲೀದು" ಎಂದಳು ಮಗಳು. ನಾನು ಹೋಗಲೆಂದು ಕಾಯುತ್ತಿದ್ದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು.

ನಾನು ತಾಟುಗಳನ್ನು ಅವರ ನಡುವೆ ಇಟ್ಟು, ಹೊರಗೆ ಬಂದು, ಬಾಗಿಲು ಮುಂದೆ ಮಾಡಿದೆ.